ಹಗ್ಗ ಹಿಡಿದು ಧ್ರುವಕ್ಕೆ ಹೋದವನು: ರೋಆಲ್ಡ್ ಅಮುಂಡ್‌ಸೆನ್

ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದವನು ಯಾರೆಂದು ಕೇಳಿದರೆ ಶಾಲೆಗೆ ಹೋಗುವ ಮಕ್ಕಳು ಕೂಡ ಉತ್ತರ ಹೇಳಬಲ್ಲರು. ನಾರ್ವೆ ದೇಶದ ರೋಆಲ್ಡ್ ಅಮುಂಡ್‌ಸೆನ್, 1911ನೇ ಇಸವಿ ದಶಂಬರ 14. ಪರೀಕ್ಷೆಗೆ ಆ ಒಂದು ಸಾಲು ಸಾಕು. ಆದರೆ ಆತ ಅಲ್ಲಿಗೆ ಹೋದ ಬಗೆ ಯಾವುದು, ಆ ವಿದ್ಯೆಯನ್ನು ಯಾರಿಂದ ಕಲಿತ, ಅದಕ್ಕೆ ಬೆಲೆ ತೆತ್ತವರು ಯಾರು ಎಂಬ ಸಂಗತಿಗಳು ಆ ಸಾಲಿನೊಳಗೆ ಅಡಗಿ ಹೋಗಿವೆ. ಧ್ರುವದ ಹಾದಿಯಲ್ಲಿ ಸುಮಾರು 340 ಮೈಲಿಯಷ್ಟು ದೂರವನ್ನು ಆತ ನಡೆದು ಕ್ರಮಿಸಲಿಲ್ಲ, ಬಂಡಿಯಲ್ಲಿ ಕುಳಿತೂ ಕ್ರಮಿಸಲಿಲ್ಲ. ಕಾಲಿಗೆ ಸ್ಕೀ ಕಟ್ಟಿಕೊಂಡು, ನಾಯಿಗಳು ಎಳೆಯುವ ಜಾರುಬಂಡಿಗೆ ಒಂದು ಹಗ್ಗ ಬಿಗಿದು, ಆ ಹಗ್ಗ ಹಿಡಿದು ನಿಂತಲ್ಲೇ ನಿಂತು ಜಾರುತ್ತ ಹೋದ. ಲೋಕದಲ್ಲೇ ಅತಿ ಕಠಿನವೆನಿಸಿದ ಪ್ರಯಾಣದ ಒಂದು ದೊಡ್ಡ ಭಾಗ ಹೀಗೆ ಆಟದಂತೆ ಸಾಗಿತು ಎಂದರೆ ಅಚ್ಚರಿಯಾಗಬಹುದು. ಆ ಆಟದ ಹಿಂದೆ ಇಪ್ಪತ್ತು ವರ್ಷಗಳ ಪಾಠವಿತ್ತು.

ಹಿಮದ ಹದ

ನಮ್ಮ ಕಡೆಯ ಜನರಿಗೆ ಹಿಮವೆಂದರೆ ಚಿತ್ರದಲ್ಲಿ ಕಂಡ ಬಿಳಿ ವಸ್ತು. ಅದರಲ್ಲಿ ಹಲವು ಬಗೆ ಇದೆಯೆಂಬುದು ಹೊಳೆಯುವುದಿಲ್ಲ. ಕಡಲ ಕರೆಯಲ್ಲಿ ನಡೆದವರಿಗೆ ಒಂದು ಹೋಲಿಕೆಯಿಂದ ಇದು ತಿಳಿದೀತು. ಒಣ ಮರಳಿನ ಮೇಲೆ ಹೆಜ್ಜೆ ಇಟ್ಟರೆ ಕಾಲು ಹೂತುಕೊಳ್ಳುತ್ತದೆ. ಅಲೆ ಬಂದು ಹೋದ ಒದ್ದೆ ಮರಳಿನ ಮೇಲೆ ಸೈಕಲನ್ನೇ ಓಡಿಸಬಹುದು. ಹಿಮವೂ ಹಾಗೆಯೇ. ಹೊಸತಾಗಿ ಬಿದ್ದ ಹಿಮ ಅರಳೆಯಂತೆ ಸಡಿಲ. ಮನುಷ್ಯ ಸೊಂಟದವರೆಗೆ ಹೂತು ಹೋದಾನು. ಉತ್ತರದ ದೇಶಗಳಲ್ಲಿ ಚಳಿಗಾಲ ಕಳೆದು ವಸಂತ ಬಂದಾಗ ಹಗಲಿನ ಬಿಸಿಲಿಗೆ ಹಿಮದ ಮೇಲ್ಪದರ ತುಸು ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹಲವು ದಿನ ಹೀಗಾಗುವಾಗ ಮೇಲೆ ಒಂದು ಗಟ್ಟಿ ಚಿಪ್ಪು ಕಟ್ಟುತ್ತದೆ. ಬೆಳಗಿನ ಹೊತ್ತು ಅದರ ಮೇಲೆ ನಾಯಿಯ ಪಾದವೂ ಹೂಳುವುದಿಲ್ಲ, ಸ್ಕೀ ಹಲಗೆಯೂ ಹೂಳುವುದಿಲ್ಲ. ದಕ್ಷಿಣ ಧ್ರುವದ ಕಡೆ ಬಿಸಿಲಿಗೆ ಅಷ್ಟು ಬಲವಿಲ್ಲ. ಅಲ್ಲಿ ಹಿಮವನ್ನು ಬಡಿದು ಬಡಿದು ಗಟ್ಟಿ ಮಾಡುವುದು ಗಾಳಿಯ ಕೆಲಸ.

ಇನ್ನೊಂದು ಗುಟ್ಟೂ ಇದೆ. ಆಳೆತ್ತರಕ್ಕಿಂತಲೂ ಉದ್ದವಾದ ಆ ಮರದ ಹಲಗೆಗಳು ಹಿಮದ ಮೇಲೆ ಸಲೀಸಾಗಿ ಜಾರುವುದೇಕೆ? ಉಜ್ಜುವಿಕೆಯ ಬಿಸಿಗೆ ಹಲಗೆಯ ಅಡಿಯಲ್ಲಿ ನೀರಿನ ಒಂದು ತೆಳು ಪೊರೆ ಹುಟ್ಟುತ್ತದೆ. ಎಣ್ಣೆ ಹಚ್ಚಿದಂತೆ ಅದು ಕೆಲಸ ಮಾಡುತ್ತದೆ. ಚಳಿ ವಿಪರೀತವಾದರೆ ಆ ಪೊರೆ ಹುಟ್ಟುವುದೇ ಇಲ್ಲ. ಆಗ ಹಿಮ ಮರಳಾಗುತ್ತದೆ, ಬಂಡಿ ಕದಲುವುದಿಲ್ಲ. ಆದ್ದರಿಂದ ಧ್ರುವಯಾತ್ರಿಕನಿಗೆ ಹಿಮ ಗಟ್ಟಿಯಿದ್ದರೆ ಸಾಲದು, ಚಳಿಯೂ ಹದದಲ್ಲಿರಬೇಕು. ಈ ಹದವನ್ನು ಕಾದು ಹೊರಡುವವನು ಗೆಲ್ಲುತ್ತಾನೆ, ಕಾಯದವನು ಸೋಲುತ್ತಾನೆ. ಅಮುಂಡ್‌ಸೆನ್ ಒಮ್ಮೆ ಕಾಯದೆ ಹೊರಟು ಸೋತವನೂ ಹೌದು, ಮರುಬಾರಿ ಕಾದು ಗೆದ್ದವನೂ ಹೌದು.

ಬಾಲ್ಯ ಮತ್ತು ಕನಸು

ಅಮುಂಡ್‌ಸೆನ್ ಹುಟ್ಟಿದ್ದು 1872ರ ಜುಲೈ 16ರಂದು, ನಾರ್ವೆಯ ಆಗ್ನೇಯ ಭಾಗದ ಬೋರ್ಗೆ ಎಂಬಲ್ಲಿ. ತಂದೆ ಯೆನ್ಸ್ ಹಡಗುಗಳ ಒಡೆಯ, ಸ್ವತಃ ಕಪ್ತಾನ. ನಾಲ್ವರು ಗಂಡುಮಕ್ಕಳಲ್ಲಿ ರೋಆಲ್ಡ್ ಕೊನೆಯವನು. ಹದಿನಾಲ್ಕರ ಹರೆಯದಲ್ಲೇ ತಂದೆ ತೀರಿಕೊಂಡರು. ಈ ಒಬ್ಬ ಮಗನಾದರೂ ಕಡಲ ಗೊಡವೆಗೆ ಹೋಗದೆ ವೈದ್ಯನಾಗಲಿ ಎಂಬುದು ತಾಯಿಯ ಆಸೆ. ಅಮ್ಮನ ಮಾತಿಗೆ ಎದುರಾಡದೆ ಆತ ಕ್ರಿಸ್ಟಿಯಾನಿಯಾ, ಅಂದರೆ ಇಂದಿನ ಓಸ್ಲೋ, ನಗರದ ವಿಶ್ವವಿದ್ಯಾಲಯಕ್ಕೆ ಸೇರಿದ. ಆದರೆ ಓದುತ್ತಿದ್ದುದು ಬೇರೆ ಪುಸ್ತಕ. ಕೆನಡಾದ ಉತ್ತರದ ಹಿಮಕಡಲಿನಲ್ಲಿ 1840ರ ದಶಕದಲ್ಲಿ ಎರಡು ಹಡಗು ಸಹಿತ ಕಾಣೆಯಾದ ಆಂಗ್ಲ ನಾವಿಕ ಸರ್ ಜಾನ್ ಫ್ರಾಂಕ್ಲಿನ್ನನ ಕಥೆ ಹುಡುಗನ ತಲೆ ಹೊಕ್ಕಿತ್ತು.

1889ರ ಮೇ ತಿಂಗಳಲ್ಲಿ ಫ್ರಿತ್ಯೋಫ್ ನಾನ್ಸೆನ್ ಗ್ರೀನ್‌ಲ್ಯಾಂಡಿನ ಹಿಮದ ಮೈದಾನವನ್ನು ಸ್ಕೀ ಮೇಲೆ ದಾಟಿ ಊರಿಗೆ ಮರಳಿದಾಗ ಕ್ರಿಸ್ಟಿಯಾನಿಯಾದ ಬೀದಿಗಳಲ್ಲಿ ಜನಸಾಗರ. ಆ ಗುಂಪಿನಲ್ಲಿ ಹದಿನಾರು ವರ್ಷದ ಅಮುಂಡ್‌ಸೆನ್ನನೂ ನಿಂತಿದ್ದ. ಅಂದಿನಿಂದ ಚಳಿಗಾಲದಲ್ಲೂ ಕೋಣೆಯ ಕಿಟಕಿ ತೆರೆದಿಟ್ಟೇ ಮಲಗುವ ಅಭ್ಯಾಸ. ಬಿಡುವಿದ್ದಾಗಲೆಲ್ಲ ಸ್ಕೀ ಕಟ್ಟಿಕೊಂಡು ಗುಡ್ಡ ಹತ್ತುವ ಅಭ್ಯಾಸ. 1893ರಲ್ಲಿ ತಾಯಿ ತೀರಿಕೊಂಡರು. ಆತ ವೈದ್ಯಕೀಯದ ಪುಸ್ತಕಗಳನ್ನು ಮುಚ್ಚಿಟ್ಟ. ಸೈನ್ಯದ ಕಡ್ಡಾಯ ತರಬೇತಿಗೆ ಸೇರಲು ಹೋದಾಗ ವೈದ್ಯರು ಸ್ಕೀಯಿಂದ ಹುರಿಗೊಂಡ ಮೈಯನ್ನು ನೋಡಿ ಮೆಚ್ಚುತ್ತ ಕಣ್ಣು ಪರೀಕ್ಷೆಯನ್ನೇ ಮರೆತರಂತೆ. ದೂರದ್ದು ಸರಿಯಾಗಿ ಕಾಣದ ದೋಷ ಆತನಿಗಿತ್ತು. ಆ ಮರೆವಿನಿಂದ ಆತನ ದಾರಿ ಸುಗಮವಾಯಿತು.

1896ರ ಜನವರಿಯಲ್ಲಿ ಆತ ಅಣ್ಣ ಲಿಯೋನ್ ಜತೆ ಹಾರ್ಡಾಂಗರ್ ಪ್ರಸ್ಥಭೂಮಿಯನ್ನು ಸ್ಕೀ ಮೇಲೆ ದಾಟಲು ಹೊರಟ. ಮನೆಯಿಂದ ಬಹಳ ದೂರವೇನಲ್ಲ. ಎರಡು ದಿನದ ಹಾದಿ ಎಂದುಕೊಂಡಿದ್ದರು. ಬಿರುಗಾಳಿಯಲ್ಲಿ ದಿಕ್ಕು ತಪ್ಪಿತು, ತಿನಿಸು ಮುಗಿಯಿತು. ಒಂದು ರಾತ್ರಿ ಹಿಮದಲ್ಲಿ ಗುಂಡಿ ತೋಡಿ ಮಲಗಿದಾಗ ಮೇಲಿನ ಒದ್ದೆ ಹಿಮ ಹೆಪ್ಪುಗಟ್ಟಿ ಆತ ಜೀವಂತ ಸಮಾಧಿಯಾದ. ಅಣ್ಣ ಗಂಟೆಗಟ್ಟಲೆ ಅಗೆದು ಹೊರಗೆಳೆದುದರಿಂದ ಉಳಿದ. ಹಿಮದ ಗುಣ ತಿಳಿಯದೆ ಅದರ ಮೇಲೆ ಮಲಗಬಾರದು ಎಂಬುದು ಆತನ ಮೊದಲ ಪಾಠ.

ಎರಡನೆಯ ಪಾಠ ಸಿಕ್ಕಿದ್ದು ದಕ್ಷಿಣದಲ್ಲಿ. 1897ರಲ್ಲಿ ಬೆಲ್ಜಿಕಾ ಎಂಬ ಹಡಗಿನಲ್ಲಿ ಆತ ಅಧಿಕಾರಿಯಾಗಿ ಹೋದ. ಹಡಗು ಒಂದು ವರ್ಷ ಹಿಮದ ಹಿಡಿತದಲ್ಲಿ ಸಿಕ್ಕಿಬಿತ್ತು. ಅಂಟಾರ್ಕ್ಟಿಕ ಪ್ರದೇಶದ ಚಳಿಗಾಲದ ಕತ್ತಲನ್ನು ಕಳೆದ ಮೊದಲ ತಂಡ ಅದು. ತಾಜಾ ಆಹಾರವಿಲ್ಲದೆ ಸ್ಕರ್ವಿ ರೋಗ ಹಬ್ಬಿತು. ಹಡಗಿನ ವೈದ್ಯ ಫ್ರೆಡರಿಕ್ ಕುಕ್ ಸೀಲ್ ಮತ್ತು ಪೆಂಗ್ವಿನ್‌ಗಳ ಹಸಿ ಮಾಂಸವನ್ನು ಔಷಧವೆಂದು ತಿನ್ನಿಸಿ ಜೀವ ಉಳಿಸಿದ. ತಾನು ಹೊತ್ತು ತಂದ ಡಬ್ಬಿಗಿಂತ ಆ ನೆಲ ಕೊಡುವ ಆಹಾರವೇ ಅಲ್ಲಿ ಮನುಷ್ಯನನ್ನು ಕಾಪಾಡುತ್ತದೆ ಎಂಬುದನ್ನು ಅಮುಂಡ್‌ಸೆನ್ ಮರೆಯಲಿಲ್ಲ.

ಗುರುಗಳು ಸಿಕ್ಕಿದ ಊರು

1900ರಲ್ಲಿ ಕಪ್ತಾನನ ಪ್ರಮಾಣಪತ್ರ ಪಡೆದು ಆತ ಯೋವಾ ಎಂಬ ಹಳೆಯ ಸಣ್ಣ ಹಡಗನ್ನು ಕೊಂಡ. 47 ಟನ್ನಿನ ಈ ಹಡಗು ಕಟ್ಟಿದ್ದೂ 1872ರಲ್ಲೇ. ಒಡೆಯನಿಗೂ ಹಡಗಿಗೂ ಒಂದೇ ವಯಸ್ಸು. ಅಟ್ಲಾಂಟಿಕದಿಂದ ಕೆನಡಾದ ಉತ್ತರದ ದ್ವೀಪಗಳ ನಡುವೆ ತೂರಿ ಶಾಂತಸಾಗರಕ್ಕೆ ಹೋಗುವ ವಾಯವ್ಯ ಜಲಮಾರ್ಗವನ್ನು ಹಡಗಿನಲ್ಲಿ ದಾಟುವುದು ಆತನ ಗುರಿ. ನಾನೂರು ವರ್ಷಗಳಿಂದ ಯಾರಿಗೂ ಇದು ಸಾಧ್ಯವಾಗಿರಲಿಲ್ಲ. ಸಾಲಗಾರರು ಹಡಗನ್ನು ಜಪ್ತಿ ಮಾಡುವ ಬೆದರಿಕೆ ಹಾಕಿದ್ದರು. 1903ರ ಜೂನ್ 16ರ ನಡುರಾತ್ರಿ, ಸುರಿಯುವ ಮಳೆಯಲ್ಲಿ, ಆರು ಮಂದಿ ಸಂಗಡಿಗರೊಂದಿಗೆ ಆತ ಹಗ್ಗ ಬಿಚ್ಚಿ ಹೊರಟೇಬಿಟ್ಟ.

ಕಿಂಗ್ ವಿಲಿಯಂ ದ್ವೀಪದ ಒಂದು ಸಣ್ಣ ಕೊಲ್ಲಿಯಲ್ಲಿ ಹಡಗು ಎರಡು ಚಳಿಗಾಲ ತಂಗಿತು. ಉತ್ತರದ ಕಾಂತಧ್ರುವವನ್ನು 1831ರಲ್ಲಿ ಜೇಮ್ಸ್ ರಾಸ್ ಗುರುತಿಸಿದ್ದ. ಅದು ಒಂದೇ ಕಡೆ ಇರುವುದಿಲ್ಲ, ಸರಿಯುತ್ತ ಇರುತ್ತದೆ ಎಂಬುದನ್ನು ತಂಡ ಅಲ್ಲಿನ ಅಳತೆಗಳಿಂದ ತೋರಿಸಿಕೊಟ್ಟಿತು. ವಿಜ್ಞಾನಕ್ಕೆ ಅದು ಲಾಭ. ಅಮುಂಡ್‌ಸೆನ್ನನಿಗೆ ಆದ ಲಾಭ ಬೇರೆ. ಹೊರಗಿನವರು ಎಸ್ಕಿಮೊಗಳೆಂದು ಕರೆಯುತ್ತಿದ್ದ ಇನ್ಯೂಟ್ ಜನರಲ್ಲಿ ನೆಟ್ಸಿಲಿಕ್ ಎಂಬ ಪಂಗಡದವರು ಆ ಕೊಲ್ಲಿಯ ಸುತ್ತ ಬಂದು ನೆಲೆಸಿದರು. ಅಲ್ಲಿಂದ ಆತ ಶಿಷ್ಯನಾದ.

1904ರ ವಸಂತದ ಆರಂಭದಲ್ಲಿ ಬಂಡಿ ಹೂಡಿ ಹೊರಟಾಗ ಚಳಿ ಇನ್ನೂ ಇಳಿದಿರಲಿಲ್ಲ. ಬಂಡಿ ಮರಳಿನ ಮೇಲೆ ಎಳೆದಂತೆ ಕಿರುಗುಟ್ಟಿತು. ಮನುಷ್ಯರೂ ನಾಯಿಗಳೂ ಸೇರಿ ಎಳೆದರೂ ಅಲ್ಪ ದೂರಕ್ಕೇ ಸೋತು ಹಿಂತಿರುಗಬೇಕಾಯಿತು. ಅದೇ ಚಳಿಯಲ್ಲಿ ನೆಟ್ಸಿಲಿಕ್ ಮಂದಿಯ ಬಂಡಿಗಳು ಸಲೀಸಾಗಿ ಓಡುತ್ತಿದ್ದವು. ಅವರು ಬಂಡಿಯ ಅಡಿಪಟ್ಟಿಗೆ ನೀರು ಸವರಿ, ಅದು ಹೆಪ್ಪುಗಟ್ಟಿದ ಮೇಲೆ ಮತ್ತೊಮ್ಮೆ ಸವರಿ, ಗಾಜಿನಂಥ ಹೊದಿಕೆ ಕಟ್ಟಿಸುತ್ತಿದ್ದರು. ಚಳಿಯ ಮರಳುಹಿಮದ ಮೇಲೆ ಕಬ್ಬಿಣವೂ ಮರವೂ ತಡೆಯುವಲ್ಲಿ ಆ ಹೊದಿಕೆ ಜಾರುತ್ತಿತ್ತು. ಉಣ್ಣೆಯ ಬಿಗಿ ಅಂಗಿಯ ಬದಲು ಹಿಮಸಾರಂಗದ ಚರ್ಮದ ಸಡಿಲ ಉಡುಪು, ಒಂದು ಪದರದ ರೋಮ ಒಳಗೆ, ಇನ್ನೊಂದರದ್ದು ಹೊರಗೆ. ಮೈ ಬೆವರದಂತೆ ನಿಧಾನವಾಗಿ ಕೆಲಸ. ಬೆವರಿದರೆ ಆ ತೇವವೇ ಹೆಪ್ಪುಗಟ್ಟಿ ಪ್ರಾಣ ತೆಗೆಯುತ್ತದೆ. ಹಿಮದ ಇಟ್ಟಿಗೆ ಕೊಯ್ದು ಗುಡಿಸಲು ಕಟ್ಟುವ ಬಗೆ. ನಾಯಿಗಳ ಜಗಳ ಬಿಡಿಸುವ ಬಗೆ, ಅವುಗಳ ಆಯಾಸವನ್ನು ಕಣ್ಣಿನಿಂದಲೇ ಅಳೆಯುವ ಬಗೆ.

ಇವೆಲ್ಲ ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂದು ಸಣ್ಣ ಜನಾಂಗ ತನ್ನ ಮಾತಿನಲ್ಲಿ, ತನ್ನ ಕೈಚಳಕದಲ್ಲಿ, ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ದಾಟಿಸಿಕೊಂಡು ಬಂದ ಅರಿವು ಅದು. ಫ್ರಾಂಕ್ಲಿನ್ನನ ನೂರಕ್ಕೂ ಮಿಕ್ಕಿದ ನಾವಿಕರು ಅದೇ ದ್ವೀಪದ ಆಸುಪಾಸಿನಲ್ಲಿ ಒಬ್ಬರೂ ಉಳಿಯದೆ ಸತ್ತಿದ್ದರು. ಅದೇ ದ್ವೀಪದಲ್ಲಿ ನೆಟ್ಸಿಲಿಕ್ ತಾಯಂದಿರು ಮಕ್ಕಳನ್ನು ಹೆತ್ತು ಸಾಕುತ್ತಿದ್ದರು. ಅಲ್ಲಿನವರಿಂದ ಕಲಿಯುವುದಕ್ಕೆ ನಾಚದವನು ಅಮುಂಡ್‌ಸೆನ್. ಆತನ ಹಿರಿಮೆಯ ಮೂಲ ಇಲ್ಲಿದೆ.

1905ರ ಆಗಸ್ಟಿನಲ್ಲಿ ಯೋವಾ ಜಲಮಾರ್ಗವನ್ನು ದಾಟಿತು. ಎದುರಿನಿಂದ ಸ್ಯಾನ್‌ಫ್ರಾನ್ಸಿಸ್ಕೋದ ತಿಮಿಂಗಿಲ ಬೇಟೆಯ ಹಡಗೊಂದು ಕಾಣಿಸಿದಾಗ ಕೆಲಸವಾಯಿತೆಂದು ಖಚಿತವಾಯಿತು. ಆದರೆ ಹಡಗು ಮತ್ತೆ ಹಿಮದಲ್ಲಿ ಸಿಕ್ಕಿಬಿತ್ತು. ಸುದ್ದಿ ಕಳಿಸಲು ತಂತಿ ಕಚೇರಿ ಇದ್ದುದು ಅಲಾಸ್ಕದ ಈಗಲ್ ಎಂಬಲ್ಲಿ, ಪರ್ವತಗಳ ಆಚೆ, ಸುಮಾರು 500 ಮೈಲಿ ದೂರ. ನಾಯಿಬಂಡಿಗಳ ಸಂಗಡ ಸ್ಕೀ ಮೇಲೆ ಆತ ಹೊರಟ. ದಶಂಬರ 5ರಂದು ಅಲ್ಲಿಗೆ ತಲಪಿ ತಂತಿ ಕಳಿಸಿದ. ಆ ವರ್ಷವೇ ನಾರ್ವೆ ಸ್ವೀಡನ್ನಿನಿಂದ ಬೇರ್ಪಟ್ಟು ಸ್ವತಂತ್ರವಾಗಿತ್ತು. ಹೊಸ ರಾಷ್ಟ್ರಕ್ಕೆ ಮೊದಲ ವೀರ ಸಿಕ್ಕಿದ.

ದಕ್ಷಿಣಕ್ಕೆ

ಮುಂದಿನ ಗುರಿ ಉತ್ತರ ಧ್ರುವ. ನಾನ್ಸೆನ್ ತನ್ನ ಪ್ರಸಿದ್ಧ ಹಡಗು ಫ್ರಾಮನ್ನು ಈ ಕೆಲಸಕ್ಕೆಂದು ಬಿಟ್ಟುಕೊಟ್ಟ. ಅಷ್ಟರಲ್ಲಿ, 1909ರ ಸಪ್ಟಂಬರದಲ್ಲಿ, ಕುಕ್ ಮತ್ತು ಪಿಯರಿ ಇಬ್ಬರೂ ತಾವೇ ಉತ್ತರ ಧ್ರುವ ಮುಟ್ಟಿದೆವೆಂದು ಸಾರಿದರು. ಅಮುಂಡ್‌ಸೆನ್ ಗುಟ್ಟಾಗಿ ದಿಕ್ಕು ಬದಲಿಸಿದ. ನಾನ್ಸೆನ್ನನಿಗೆ ತಿಳಿಸಲಿಲ್ಲ, ಹಣ ಕೊಟ್ಟವರಿಗೆ ತಿಳಿಸಲಿಲ್ಲ. 1910ರ ಆಗಸ್ಟಿನಲ್ಲಿ ಹಡಗು ನಾರ್ವೆಯ ದಡ ಬಿಟ್ಟಾಗ ನಾವಿಕರಲ್ಲೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮದೀರಾ ದ್ವೀಪದಲ್ಲಿ ತಂಗಿದಾಗ ಎಲ್ಲರನ್ನೂ ಕರೆದು ದಕ್ಷಿಣ ಧ್ರುವಕ್ಕೆ ಹೋಗುತ್ತಿರುವುದಾಗಿ ಹೇಳಿದ. ಒಬ್ಬೊಬ್ಬರೂ ಒಪ್ಪಿದರು. ಅದೇ ಧ್ರುವಕ್ಕೆ ಹೊರಟಿದ್ದ ಇಂಗ್ಲೆಂಡಿನ ಕಪ್ತಾನ ಸ್ಕಾಟ್‌ಗೆ ಒಂದು ಚುಟುಕು ತಂತಿ ಹೋಯಿತು. ಈ ಮುಚ್ಚುಮರೆಯನ್ನು ಅನೇಕರು ಮೆಚ್ಚಲಿಲ್ಲ, ಮೆಚ್ಚತಕ್ಕದ್ದೂ ಅಲ್ಲ.

ಹಡಗಿನಲ್ಲಿ ಗ್ರೀನ್‌ಲ್ಯಾಂಡಿನ 97 ನಾಯಿಗಳಿದ್ದವು. ಹಿಮದ ಪ್ರಾಣಿಗಳನ್ನು ಉಷ್ಣವಲಯದ ಕಡಲಿನ ಮೂಲಕ ತಿಂಗಳುಗಟ್ಟಲೆ ಕೊಂಡೊಯ್ಯುವುದು ಸುಲಭವಲ್ಲ. ಹಡಗಿನ ಮೇಲಟ್ಟದ ಬಿಸಿ ಮತ್ತು ತೇವ ತಾಗದಂತೆ ಹಲಗೆಗಳ ಇನ್ನೊಂದು ನೆಲ ಹಾಸಿದರು, ನೆರಳಿಗೆ ಬಟ್ಟೆ ಕಟ್ಟಿದರು. ನಾಯಿಗಳನ್ನು ನಾವಿಕರ ನಡುವೆ ಹಂಚಿ ಆರೈಕೆಗೆ ಒಪ್ಪಿಸಿದ್ದಾಯಿತು. 1911ರ ಜನವರಿ 14ರಂದು ಅಂಟಾರ್ಕ್ಟಿಕದ ತಿಮಿಂಗಿಲ ಕೊಲ್ಲಿಗೆ ತಲಪಿದಾಗ ದಾರಿಯಲ್ಲಿ ಹುಟ್ಟಿದ ಮರಿಗಳೂ ಸೇರಿ ನಾಯಿಗಳ ಸಂಖ್ಯೆ 116 ಆಗಿತ್ತು!

ಹಿಮದ ಹಾಸಿನ ಮೇಲೆ ಫ್ರಾಮ್‌ಹೈಮ್ ಎಂಬ ಮರದ ಮನೆ ಎದ್ದಿತು. ಒಂಬತ್ತು ಮಂದಿ ಅಲ್ಲಿ ಉಳಿದರು. ಕತ್ತಲು ಕವಿಯುವ ಮುನ್ನ 80, 81 ಮತ್ತು 82 ಡಿಗ್ರಿ ಅಕ್ಷಾಂಶಗಳಲ್ಲಿ ಆಹಾರದ ಉಗ್ರಾಣ ಮಾಡಿಟ್ಟರು. ಬಿಳಿಯ ಬಯಲಿನಲ್ಲಿ ಉಗ್ರಾಣ ಕಣ್ತಪ್ಪಬಾರದೆಂದು ಹಾದಿಗೆ ಅಡ್ಡಲಾಗಿ ಎರಡೂ ಬದಿಗೆ ಮೈಲಿಗಟ್ಟಲೆ ಬಾವುಟಗಳ ಸಾಲು ನೆಟ್ಟರು. ನಾಲ್ಕು ತಿಂಗಳ ಕತ್ತಲಿನಲ್ಲಿ ಯಾರೂ ಸುಮ್ಮನೆ ಕೂರಲಿಲ್ಲ. ಸ್ಕೀ ಪಟುವೂ ಬಡಗಿಯೂ ಆಗಿದ್ದ ಬ್ಯೋಲಾನ್ ಬಂಡಿಗಳ ಮರವನ್ನು ಕೆತ್ತಿ ಕೆತ್ತಿ ಅವುಗಳ ಭಾರವನ್ನು ಮೂರನೇ ಒಂದು ಪಾಲಿಗೆ ಇಳಿಸಿದ.

ತಪ್ಪು ಹೆಜ್ಜೆ

ಸ್ಕಾಟ್ ಮುಂದೆ ಹೋದರೆ ಎಂಬ ಆತಂಕ ಅಮುಂಡ್‌ಸೆನ್ನನ ವಿವೇಕವನ್ನು ಕೆಡಿಸಿತು. ವಸಂತ ಇನ್ನೂ ಹದಗೊಳ್ಳುವ ಮೊದಲೇ, ಸಪ್ಟಂಬರ 8ರಂದು ಹೊರಟ. ಕೆಲವೇ ದಿನದಲ್ಲಿ ಉಷ್ಣತೆ ಸೊನ್ನೆಗಿಂತ 56 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿಯಿತು. ದಿಕ್ಸೂಚಿಯ ಒಳಗಿನ ದ್ರವ ಹೆಪ್ಪುಗಟ್ಟಿತು, ನಾಯಿಗಳ ಪಾದಗಳು ಮರಗಟ್ಟಿದವು. ಸಾಮಾನನ್ನು 80 ಡಿಗ್ರಿಯ ಉಗ್ರಾಣದಲ್ಲಿ ಇಳಿಸಿ ಹಿಂದಿರುಗಿದರು. ಕೊನೆಯ ದಿನ ನಾಯಕನೂ ಇನ್ನಿಬ್ಬರೂ ಬಂಡಿ ಓಡಿಸಿಕೊಂಡು ಮುಂದೆ ಬಂದು ಮನೆ ಸೇರಿದರು. ಹಿಂದುಳಿದವರಲ್ಲಿ ಪ್ರೆಸ್ಟ್ರೂಡ್‌ನ ಕಾಲು ಮರಗಟ್ಟಿತ್ತು. ಒಲೆಯಿಲ್ಲ, ತಿನಿಸಿಲ್ಲ. ಅವನನ್ನು ಬಿಡದೆ ಕತ್ತಲಿನಲ್ಲಿ ಮನೆ ಮುಟ್ಟಿಸಿದವನು ಯಾಲ್ಮಾರ್ ಯೋಹಾನ್ಸೆನ್.

ಯೋಹಾನ್ಸೆನ್ ಸಾಮಾನ್ಯನಲ್ಲ. 1895ರಲ್ಲಿ ನಾನ್ಸೆನ್ನನೊಂದಿಗೆ ನಾಯಿಬಂಡಿಯಲ್ಲಿ ಅಲ್ಲಿಯವರೆಗೆ ಯಾರೂ ಹೋಗದಷ್ಟು ಉತ್ತರಕ್ಕೆ ಹೋಗಿ ಬಂದವನು. ಮರುದಿನ ಎಲ್ಲರೆದುರು ನಾಯಕನ ತಪ್ಪನ್ನು ಎತ್ತಿ ಆಡಿದ. ಮಾತು ನಿಜ, ಆದರೆ ನಾಯಕ ಸಹಿಸಲಿಲ್ಲ. ಯೋಹಾನ್ಸೆನ್ನನನ್ನು ಧ್ರುವದ ತಂಡದಿಂದ ಕಿತ್ತುಹಾಕಿ, ಕಿರಿಯನಾದ ಪ್ರೆಸ್ಟ್ರೂಡ್‌ನ ಕೈಕೆಳಗೆ ಬೇರೆ ಕೆಲಸಕ್ಕೆ ಹಾಕಿದ. ಊರಿಗೆ ಮರಳಿದ ಮೇಲೂ ಆ ನೋವಿನಿಂದ ಯೋಹಾನ್ಸೆನ್ ಚೇತರಿಸಿಕೊಳ್ಳಲಿಲ್ಲ. 1913ರ ಜನವರಿಯಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಅಮುಂಡ್‌ಸೆನ್ನನ ಲೆಕ್ಕದ ಪುಸ್ತಕದಲ್ಲಿ ತೀರದೆ ಉಳಿದ ಸಾಲಗಳಲ್ಲಿ ಇದೊಂದು.

ಹಗ್ಗದ ಓಟ

ಅಕ್ಟೋಬರ 19ರಂದು ಎರಡನೆಯ ಬಾರಿ ಹೊರಟದ್ದು ಐವರು: ಅಮುಂಡ್‌ಸೆನ್, ಹೆಲ್ಮರ್ ಹಾನ್ಸೆನ್, ವಿಸ್ಟಿಂಗ್, ಹಾಸೆಲ್ ಮತ್ತು ಬ್ಯೋಲಾನ್. ನಾಲ್ಕು ಬಂಡಿ, 52 ನಾಯಿಗಳು. ಅದು ಅಲ್ಲಿನ ವಸಂತ. ಚಳಿ ಇಳಿದಿತ್ತು, ಗಾಳಿ ಬಡಿದ ಹಿಮ ಗಟ್ಟಿಯಾಗಿ ಹರಡಿತ್ತು. ಬಿಳಿ ಬಯಲಿನಲ್ಲಿ ಗುರಿ ಕಾಣದೆ ನಾಯಿಗಳು ನೇರ ಓಡಲಾರವು. ಅದಕ್ಕಾಗಿ ಒಬ್ಬ ಮುಂದೆ ಮುಂದೆ ಸ್ಕೀಯಲ್ಲಿ ಹೋಗುವುದು ವಾಡಿಕೆ. ಹಾನ್ಸೆನ್ ಮಾತ್ರ ದಿಕ್ಸೂಚಿ ನೋಡಿಯೇ ನಾಯಿಗಳನ್ನು ನೇರ ನಡೆಸುವಷ್ಟು ನುರಿತವನು. ಹೀಗಾಗಿ ನಾಯಕನಿಗೆ ಮುಂದೆ ಓಡುವ ಕೆಲಸವೂ ತಪ್ಪಿತು. ಆತ ವಿಸ್ಟಿಂಗನ ಬಂಡಿಗೆ ಹಗ್ಗ ಕಟ್ಟಿ, ಸ್ಕೀ ಮೇಲೆ ನಿಂತ. ನಾಯಿಗಳು ಎಳೆದವು. 85 ಡಿಗ್ರಿ 5 ಮಿನಿಟು ಅಕ್ಷಾಂಶದವರೆಗೂ ಹಾಗೆಯೇ ನಿಂತು ಹೋದ. ಧ್ರುವಕ್ಕೆ ಈ ರೀತಿ ಎಳೆಸಿಕೊಂಡು ಹೋಗುವೆವೆಂದು ಆತನೇ ಕನಸಿನಲ್ಲೂ ಎಣಿಸಿರಲಿಲ್ಲವಂತೆ.

ನಾರ್ವೆಯ ಜನ ಇದನ್ನು ಹಗ್ಗದ ಓಟ ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಲೋಕಕ್ಕೆ ಇದರ ಹೆಸರು ಸ್ಕೀಜೋರಿಂಗ್. ಇಂದು ಅದು ಆಟ. ಸವಾರನ ಸೊಂಟದ ಪಟ್ಟಿಗೂ ನಾಯಿಯ ಎದೆಪಟ್ಟಿಗೂ ನಡುವೆ ಎಳೆದರೆ ಹಿಗ್ಗುವ ಹಗ್ಗ. ಒಂದೋ ಎರಡೋ ಮೂರೋ ನಾಯಿ. ನೋಡುವವರಿಗೆ ನಾಯಿಯೇ ಎಲ್ಲ ಮಾಡುತ್ತದೆ ಎನಿಸುತ್ತದೆ. ನಿಜದಲ್ಲಿ ಸವಾರನೂ ಕಾಲಿನಿಂದ ಒತ್ತಿ ಭಾರ ಹಂಚಿಕೊಳ್ಳಬೇಕು, ನಾಯಿಯ ಉಸಿರು ನೋಡಿ ನಿಲ್ಲಿಸಬೇಕು. ಆ ಎಚ್ಚರ ಅಮುಂಡ್‌ಸೆನ್ನನಲ್ಲಿ ಇತ್ತು. ದಿನಕ್ಕೆ 28 ಕಿಲೋಮೀಟರಿನಷ್ಟು ದೂರವನ್ನು ಐದಾರು ಗಂಟೆಯಲ್ಲಿ ಓಡಿ, ಉಳಿದ ಹೊತ್ತೆಲ್ಲ ವಿಶ್ರಾಂತಿ. ಇನ್ನೂ ಓಡಬಹುದಿತ್ತು; ಓಡಿಸಲಿಲ್ಲ. ನಡುನಡುವೆ ನಿಂತು ಹಿಮದ ಇಟ್ಟಿಗೆಗಳಿಂದ ಆಳೆತ್ತರದ ಗುರುತುಕಂಬ ಕಟ್ಟುತ್ತಿದ್ದರು. ಹೀಗೆ 150 ಕಂಬ, 9000 ಇಟ್ಟಿಗೆ. ಕಟ್ಟುವಷ್ಟು ಹೊತ್ತು ನಾಯಿಗಳಿಗೆ ದಣಿವಾರಿಕೆ. ಮರಳುವಾಗ ಮನುಷ್ಯರಿಗೆ ದಾರಿದೀಪ.

ಬೆಲೆ

ನವಂಬರದ ನಡುವಿನಲ್ಲಿ ಬಯಲು ಮುಗಿದು ಪರ್ವತ ಎದುರಾಯಿತು. ಆಕ್ಸೆಲ್ ಹೈಬರ್ಗ್ ಎಂದು ಮುಂದೆ ಹೆಸರಿಟ್ಟ ಹಿಮನದಿಯ ಬಿರುಕುಗಳ ನಡುವೆ ನಾಯಿಗಳು ಟನ್ನುಗಟ್ಟಲೆ ಭಾರವನ್ನು ಹತ್ತಿರ ಹತ್ತಿರ ಹತ್ತು ಸಾವಿರ ಅಡಿ ಎತ್ತರಕ್ಕೆ ಎಳೆದು ತಂದವು. ನಾಲ್ಕು ದಿನದ ಅಸಾಧ್ಯ ದುಡಿಮೆ. ನವಂಬರ 21ರಂದು ಮೇಲೆ ಬಂದು ನಿಂತಾಗ 42 ನಾಯಿಗಳಿದ್ದವು. ಅಂದು ಸಂಜೆ ಅವುಗಳಲ್ಲಿ 24ನ್ನು ಕೊಂದರು.

ಇದು ಸಿಟ್ಟಿನಲ್ಲಿ ಮಾಡಿದ್ದಲ್ಲ. ಹೊರಡುವ ಮೊದಲೇ ಕಾಗದದ ಮೇಲೆ ಬರೆದಿಟ್ಟ ಲೆಕ್ಕ. ಮೇಲಿನ ಹಾದಿಗೆ ಅಷ್ಟು ನಾಯಿ ಬೇಡ. ಸತ್ತವು ಉಳಿದವಕ್ಕೂ ಮನುಷ್ಯರಿಗೂ ಆಹಾರ. ತನ್ನ ತನ್ನ ಪಾಲಿನ ನಾಯಿಗಳನ್ನು ತಾನೇ ಗುಂಡಿಕ್ಕಬೇಕೆಂಬ ಒಪ್ಪಂದ. ಅಮುಂಡ್‌ಸೆನ್ ಡೇರೆಯೊಳಗೆ ಕುಳಿತು, ಗುಂಡಿನ ಸದ್ದು ಕೇಳಬಾರದೆಂದು ಸೀಮೆಎಣ್ಣೆಯ ಒಲೆಗೆ ಜೋರಾಗಿ ಗಾಳಿ ಹೊಡೆಯುತ್ತಿದ್ದನಂತೆ. ಆ ಜಾಗಕ್ಕೆ ಅವರಿಟ್ಟ ಹೆಸರು ಕಸಾಯಿಖಾನೆ. ಹಡಗಿನ ಮೇಲೆ ನೆರಳು ಕಟ್ಟಿ ಕಾಪಾಡಿದ್ದ, ಒಂದೊಂದಕ್ಕೂ ಹೆಸರಿಟ್ಟು ಕರೆದಿದ್ದ ಜೀವಗಳು ಅವು. ಈ ಸಂಗತಿಯನ್ನು ಆತ ಬಚ್ಚಿಡಲಿಲ್ಲ. ತನ್ನ ಪುಸ್ತಕದಲ್ಲಿ ದುಃಖದಿಂದಲೇ ಬರೆದಿದ್ದಾನೆ. ಬರೆದ ಮಾತ್ರಕ್ಕೆ ಭಾರ ಇಳಿಯುವುದಿಲ್ಲ.

ಉಳಿದ 18 ನಾಯಿಗಳೊಂದಿಗೆ ಮುಂದೆ ಸಾಗಿ ದಶಂಬರ 14ರ ಅಪರಾಹ್ನ ಧ್ರುವ ಮುಟ್ಟಿದರು. ಐವರೂ ಒಟ್ಟಿಗೆ ಕೈಯಿಟ್ಟು ಬಾವುಟ ನೆಟ್ಟರು. ಅಳತೆಯಲ್ಲಿ ತಪ್ಪಿದ್ದರೂ ಧ್ರುವ ಕೈಬಿಟ್ಟು ಹೋಗಬಾರದೆಂದು ಮೂವರು ಮೂರು ದಿಕ್ಕಿಗೆ ಸ್ಕೀಯಲ್ಲಿ ಹೋಗಿ ಸುತ್ತು ಗುರುತು ಹಾಕಿ ಬಂದರು. ಒಂದು ಸಣ್ಣ ಡೇರೆಯನ್ನೂ ಅದರೊಳಗೆ ಸ್ಕಾಟ್‌ಗೆ ಒಂದು ಪತ್ರವನ್ನೂ ಬಿಟ್ಟರು. 1912ರ ಜನವರಿ 25ರಂದು, 99 ದಿನಗಳ ನಂತರ, ಐವರೂ ಆರೋಗ್ಯವಾಗಿ ಫ್ರಾಮ್‌ಹೈಮ್ ಸೇರಿದರು. ಜತೆಗೆ ಬಂದ ನಾಯಿಗಳು 11.

ಸ್ಕಾಟ್ ಜನವರಿ 17ರಂದು ಧ್ರುವಕ್ಕೆ ಬಂದು ಆ ಡೇರೆಯನ್ನು ಕಂಡ. ಮೋಟಾರು ಬಂಡಿ, ಕುದುರೆ, ನಾಯಿ ಮೂರನ್ನೂ ತಂದಿದ್ದರೂ ಕೊನೆಗೆ ಆತನ ತಂಡ ಬಂಡಿಗೆ ತಾನೇ ಕೊರಳು ಕೊಟ್ಟು ಎಳೆಯಿತು. ಮರಳುವ ಹಾದಿಯಲ್ಲಿ ಕಾಲ ಮೀರಿ ಮಾರ್ಚಿನ ಭೀಕರ ಚಳಿ ಬಿತ್ತು. ಹಿಮ ಮರಳಾಯಿತು. ಬಂಡಿ ಕದಲದಾಯಿತು. ಐವರೂ ಮಡಿದರು. ಒಬ್ಬನನ್ನು ಹೊಗಳಲು ಇನ್ನೊಬ್ಬನನ್ನು ಹಳಿಯಬೇಕಾಗಿಲ್ಲ. ಸ್ಕಾಟ್‌ನ ಧೈರ್ಯ ಸಣ್ಣದಲ್ಲ. ಆದರೆ ಧೈರ್ಯದಿಂದ ಹಿಮದ ಗುಣ ಬದಲಾಗುವುದಿಲ್ಲ ಎಂಬುದಕ್ಕೆ ಆ ಐದು ಸಾವುಗಳು ಸಾಕ್ಷಿ.

ಕೊನೆಯ ಹಾರಾಟ

ಗೆದ್ದವನ ಮುಂದಿನ ಬದುಕು ಸುಖದ್ದಾಗಲಿಲ್ಲ. 1918ರಿಂದ 1920ರವರೆಗೆ ಮೌಡ್ ಎಂಬ ಹಡಗಿನಲ್ಲಿ ಸೈಬೀರಿಯದ ಉತ್ತರದ ಕಡಲನ್ನು ದಾಟಿದ. ಅಲ್ಲಿಂದ ಇಬ್ಬರು ಬಾಲಕಿಯರನ್ನು ಸಾಕುವುದಕ್ಕೆಂದು ನಾರ್ವೆಗೆ ಕರೆತಂದ. 1924ರಲ್ಲಿ ಸಾಲ ಮೀರಿ ದಿವಾಳಿಯಾದಾಗ ಆ ಮಕ್ಕಳನ್ನು ಹಿಂದಕ್ಕೆ ಕಳುಹಿಸಿದ. ಸ್ವಂತ ಅಣ್ಣ ಲಿಯೋನ್, ಹಿಮದ ಗುಂಡಿಯಿಂದ ಅಗೆದು ತೆಗೆದವನು, ಹಣದ ವಿಚಾರದಲ್ಲಿ ಶತ್ರುವಾದ.

ನಾಯಿಯ ಕಾಲ ಮುಗಿಯಿತು, ಇನ್ನು ವಿಮಾನದ ಕಾಲ ಎಂದು ಅಮುಂಡ್‌ಸೆನ್ ಬೇಗನೆ ಕಂಡುಕೊಂಡಿದ್ದ. 1914ರಲ್ಲೇ ವಿಮಾನ ನಡೆಸುವ ಪರವಾನಗಿ ಪಡೆದಿದ್ದ. 1925ರಲ್ಲಿ ಅಮೆರಿಕದ ಎಲ್ಸ್‌ವರ್ತ್‌ನೊಂದಿಗೆ ಎರಡು ವಿಮಾನಗಳಲ್ಲಿ ಉತ್ತರಕ್ಕೆ ಹಾರಿ ಹಿಮದ ಮೇಲೆ ಸಿಕ್ಕಿಬಿದ್ದಾಗ ಆರು ಮಂದಿ ಮೂರು ವಾರಕ್ಕೂ ಮಿಕ್ಕಿ ಹಿಮ ಕಡಿದು, ತುಳಿದು, ಓಡುದಾರಿ ಮಾಡಿ ಒಂದೇ ವಿಮಾನದಲ್ಲಿ ಮರಳಿದರು. ಅಲ್ಲಿಯೂ ಜೀವ ಉಳಿಸಿದ್ದು ಗಟ್ಟಿ ಮಾಡಿದ ಹಿಮವೇ. 1926ರ ಮೇ 12ರಂದು ನಾರ್ಗೆ ಎಂಬ ವಾಯುನೌಕೆ ಉತ್ತರ ಧ್ರುವದ ಮೇಲೆ ಹಾರಿತು. ಅದಕ್ಕೆ ಮೊದಲಿನವರ ಹೇಳಿಕೆಗಳೆಲ್ಲ ಸಂಶಯಕ್ಕೆ ಒಳಗಾಗಿರುವುದರಿಂದ, ಆ ಧ್ರುವವನ್ನು ನಿಸ್ಸಂದೇಹವಾಗಿ ತಲಪಿದ ಮೊದಲ ತಂಡ ಇದೇ ಎಂದು ಇಂದು ಬಹುಮಂದಿ ಒಪ್ಪುತ್ತಾರೆ. ಹಾಗಾದರೆ ಎರಡು ಧ್ರುವಗಳನ್ನೂ ಕಂಡ ಮೊದಲಿಗರು ಅಮುಂಡ್‌ಸೆನ್ ಮತ್ತು ಹಗ್ಗಕ್ಕೆ ಬಂಡಿ ಕೊಟ್ಟ ಆ ವಿಸ್ಟಿಂಗ್.

ವಾಯುನೌಕೆಯನ್ನು ರೂಪಿಸಿ ನಡೆಸಿದ ಇಟಲಿಯ ಉಂಬೆರ್ತೊ ನೊಬಿಲೆಯೊಂದಿಗೆ ಕೀರ್ತಿಯ ಪಾಲಿಗಾಗಿ ಕಹಿ ಜಗಳವಾಯಿತು. 1928ರ ಮೇ 25ರಂದು ನೊಬಿಲೆಯ ಇಟಾಲಿಯಾ ಎಂಬ ಇನ್ನೊಂದು ವಾಯುನೌಕೆ ಉತ್ತರದ ಹಿಮದ ಮೇಲೆ ಬಿದ್ದಿತು. ಸುದ್ದಿ ಮುಟ್ಟಿದಾಗ ಹುಡುಕಲು ಹೋಗಲು ಸಿದ್ಧವೆಂದು ಅಮುಂಡ್‌ಸೆನ್ ಕೂಡಲೇ ಹೇಳಿದ. ಜೂನ್ 18ರಂದು ಟ್ರೋಮ್ಸೋ ಊರಿನಿಂದ ಲಾಥಮ್ ಎಂಬ ಫ್ರೆಂಚ್ ಕಡಲವಿಮಾನದಲ್ಲಿ ಐವರೊಂದಿಗೆ ಹಾರಿದ. ಕೆಲವು ಗಂಟೆಗಳಲ್ಲಿ ರೇಡಿಯೋ ಮೌನವಾಯಿತು. ಆಗ ಆತನಿಗೆ 55 ವರ್ಷ. ಆಗಸ್ಟ್ ಕೊನೆಗೆ ವಿಮಾನದ ಒಂದು ತೇಲುದೊಣೆ ಕಡಲಿನಲ್ಲಿ ಸಿಕ್ಕಿತು. ಮನುಷ್ಯರ ಸುಳಿವು ಸಿಗಲಿಲ್ಲ. 2009ರಲ್ಲಿ ನಾರ್ವೆಯ ನೌಕಾಪಡೆ ಆಧುನಿಕ ಯಂತ್ರಗಳಿಂದ ಕಡಲಿನ ತಳವನ್ನು ಜಾಲಾಡಿದರೂ ಏನೂ ಸಿಗಲಿಲ್ಲ. ನೊಬಿಲೆಯನ್ನು ಒಬ್ಬ ಸ್ವೀಡಿಷ್ ವಿಮಾನಿಕ ಬದುಕಿಸಿ ತಂದ. ಹಗೆತನ ಸಾಧಿಸಿದವನನ್ನು ಹುಡುಕುತ್ತ ಹೋಗಿ ಅಮುಂಡ್‌ಸೆನ್ ಅಳಿದ.

ಅದೇ 1928ರ ಚಳಿಗಾಲದಲ್ಲಿ, ಸ್ವಿಟ್ಜರ್ಲೆಂಡಿನ ಸಾಂಕ್ಟ್ ಮೊರಿಟ್ಸಿನ ಒಲಿಂಪಿಕ್ಸ್‌ನಲ್ಲಿ ಕುದುರೆಗಳು ಎಳೆಯುವ ಹಗ್ಗದ ಓಟವನ್ನು ಪ್ರದರ್ಶನಕ್ಕೆಂದು ಏರ್ಪಡಿಸಿದ್ದರು. ಜೀವನ್ಮರಣದ ವಿದ್ಯೆ ಹೀಗೆ ವಿನೋದದ ಪಂದ್ಯವಾಯಿತು. ಅಂಟಾರ್ಕ್ಟಿಕದಲ್ಲಿ ಇಂದು ಒಂದು ನಾಯಿಯೂ ಇಲ್ಲ. 1991ರ ಅಂತಾರಾಷ್ಟ್ರೀಯ ಒಡಂಬಡಿಕೆಯಂತೆ ಅಲ್ಲಿನ ಪ್ರಾಣಿಸಂಕುಲದ ರಕ್ಷಣೆಗಾಗಿ 1994ರಲ್ಲಿ ಕೊನೆಯ ನಾಯಿಗಳನ್ನೂ ಹೊರತಂದರು. ನೆಟ್ಸಿಲಿಕ್ ಜನರಿಂದ ಅಮುಂಡ್‌ಸೆನ್ ಕೊಂಡೊಯ್ದಿದ್ದ ವಸ್ತುಗಳಲ್ಲಿ ಕೆಲವನ್ನು ಓಸ್ಲೋದ ವಸ್ತುಸಂಗ್ರಹಾಲಯ 2013ರಲ್ಲಿ ಆ ಜನರ ಊರಿಗೇ ಮರಳಿಸಿತು. ಆ ಊರಿಗೆ ಇಂಗ್ಲಿಷಿನಲ್ಲಿ ಇಂದಿಗೂ ಆ ಸಣ್ಣ ಹಡಗಿನ ಹೆಸರೇ ಇದೆ.

ಸಾಹಸಿಗಳ ಚರಿತ್ರೆಯಲ್ಲಿ ನಾವು ನಾಯಕನನ್ನು ನೋಡುತ್ತೇವೆ. ಹಗ್ಗದ ಆಚೆಯ ತುದಿಯನ್ನು ನೋಡುವುದಿಲ್ಲ. ಅಮುಂಡ್‌ಸೆನ್ ಹಿಡಿದ ಹಗ್ಗದ ಆಚೆ 52 ನಾಯಿಗಳಿದ್ದವು. ಅವುಗಳ ಆಚೆ, ಹಿಮದ ಗುಡಿಸಲಿನಲ್ಲಿ ಕುಳಿತು ಒಬ್ಬ ಪರದೇಶಿಗೆ ಬಂಡಿಯ ಅಡಿಗೆ ನೀರು ಸವರುವುದನ್ನು ತೋರಿಸಿಕೊಟ್ಟ ಒಂದು ಸಣ್ಣ ಜನಾಂಗವಿತ್ತು. ಮಕ್ಕಳಿಗೆ ಆ ಪ್ರಶ್ನೆ ಕೇಳುವಾಗ ಈ ಉತ್ತರವನ್ನೂ ಸೇರಿಸಿ ಹೇಳಿದರೆ ಆ ಮಹಾನುಭಾವನ ಹಿರಿಮೆಗೇನೂ ಕುಂದಿಲ್ಲ.